ಗ್ಯಾಸು, ಇದ್ದಿಲು ಮತ್ತು ಒಂದು ಮುಚ್ಚಿದ ಕಿಟಕಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಮ್ಮದು ಉಣ್ಣುವ ವಿಷಯಕ್ಕೇ ಹುಟ್ಟಿದ ಜಗಳ. ಹಾಗಾಗಿ ಮೂರು ದಿನ ಎಳೆಯಿತು.

ವಿಷಯ ಇಷ್ಟೇ. ಬದನೆಕಾಯಿಯನ್ನು ಗ್ಯಾಸಿನ ಮೇಲೆ ಸುಡಬೇಕೋ, ಇದ್ದಿಲಿನ ಮೇಲೆ ಸುಡಬೇಕೋ?

ನಗು ಬಂತಾ? ಆಗ ನನಗೂ ಬಂದಿತ್ತು. ಈಗ ಬರುತ್ತಿಲ್ಲ. ಈ ಅಂಕಣದಲ್ಲಿ ಸಾಮಾನ್ಯವಾಗಿ ನನ್ನ ಗಂಡನ ಗೊರಕೆ, ಕಾಶಿಯ ಕೋತಿಗಳ ದರೋಡೆ, ಹೂಕೋಸಿನ ಹುಳ ಇಂಥವೇ ಇರುತ್ತವೆಂದು ನಿಮಗೆ ಗೊತ್ತು. ಈ ವಾರ ಅದನ್ನೆಲ್ಲ ನಿರೀಕ್ಷಿಸಬೇಡಿ. ಶುರುವಾದದ್ದು ಮಾತ್ರ ತಮಾಷೆಯಾಗಿಯೇ. ಅದನ್ನು ಹಾಗೆಯೇ ಹೇಳುತ್ತೇನೆ.

ಪ್ರತಿ ಚಳಿಗಾಲದಲ್ಲಿ ಒಂದು ಭಾನುವಾರ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ನಾವು ಎಂಟು-ಹತ್ತು ಕನ್ನಡದ ಮನೆಯವರು ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಸೇರುತ್ತೇವೆ. ವರ್ಷವೆಲ್ಲ ತರಕಾರಿಯವನ ಹತ್ತಿರ, ರಿಕ್ಷಾದವನ ಹತ್ತಿರ ಹಿಂದಿಯಲ್ಲಿ ಗುದ್ದಾಡಿದ ನಾಲಿಗೆಗೆ ಅವತ್ತು ರಜೆ. (ಮಕ್ಕಳು ಅವತ್ತೂ ತಮ್ಮತಮ್ಮಲ್ಲಿ ಹಿಂದಿಯೇ. ಅದು ಇನ್ನೊಂದು ಅಳು, ಬಿಡಿ.) ಬಿಸಿಲು ಅನ್ನುವುದು ಮಂಜಿನೊಳಗಿಂದ ಒಂದಿಷ್ಟು ಇಣುಕುತ್ತದೆ. ಬದನೆಕಾಯಿ, ಗೆಣಸು, ಜೋಳದ ತೆನೆ, ಪನೀರು, ಕೈಗೆ ಸಿಕ್ಕಿದ್ದೆಲ್ಲ ಸುಡುತ್ತೇವೆ. ರೊಟ್ಟಿ ಯಾರೋ ತರುತ್ತಾರೆ, ಚಟ್ನಿಪುಡಿ ಇನ್ಯಾರೋ ತರುತ್ತಾರೆ.

ಈ ಸಲ ನಮ್ಮವರು ಆನ್‌ಲೈನಿನಲ್ಲಿ ಒಂದು ಗ್ಯಾಸ್ ಗ್ರಿಲ್ ತರಿಸಿಬಿಟ್ಟರು. ಫಳಫಳ ಹೊಳೆಯುವ ಮೂರು ಬರ್ನರಿನ ಗ್ರಿಲ್ಲು, ಅದಕ್ಕೊಂದು ಮುಚ್ಚಳ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ಅದರ ಸುತ್ತ ಓಡಾಡಿದರು.

"ಹೊಗೆ ಇಲ್ಲ, ಮಸಿ ಇಲ್ಲ, ಕಿವಿ ತಿರುವಿದರೆ ಉರಿ. ಇಪ್ಪತ್ತೊಂದನೇ ಶತಮಾನ ಕಣೇ ಇದು" ಅಂದರು.

"ಗ್ಯಾಸಿನ ಮೇಲೆ ಸುಡೋದಾದ್ರೆ ಅಡುಗೆಮನೆಯಲ್ಲೇ ಸುಡಬಹುದಲ್ಲ, ಹಿತ್ತಲು ಯಾಕೆ? ಬದನೆಕಾಯಿಗೆ ಹೊಗೆ ಹಿಡೀಬೇಕು. ಇಲ್ಲದಿದ್ರೆ ಅದು ಬೇಯಿಸಿದ ಬದನೆಕಾಯಿ" ಅಂದೆ ನಾನು.

ಮಾತಿಗೆ ಮಾತು ಬೆಳೆಯಿತು. ಹಟಕ್ಕೆ ಬಿದ್ದು ನಾನೇ ಹೋಗಿ ಜಂಗಮವಾಡಿಯ ಗಲ್ಲಿಯೊಂದರಲ್ಲಿ ಇದ್ದಿಲು ಮಾರುವ ಮುದುಕನಿಂದ ಒಂದು ಚೀಲ ಕೊಂಡು, ಗೋದೌಲಿಯಾದಿಂದ ಸೈಕಲ್ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಸೀರೆಗೆಲ್ಲ ಮಸಿ. ಆದರೂ ಗೆದ್ದವಳ ಠೀವಿ!

ಭಾನುವಾರ ಹಿತ್ತಲಲ್ಲಿ ಎರಡು ಪಾರ್ಟಿಗಳಾದವು. ಒಂದು ಕಡೆ ನಮ್ಮವರ ಗ್ಯಾಸ್ ಪಾರ್ಟಿ. ಇನ್ನೊಂದು ಕಡೆ ನನ್ನ ಇದ್ದಿಲು ಪಾರ್ಟಿ. ನನ್ನ ಕಡೆ ಉರಿ ನೋಡಿಕೊಂಡವನು ನಮ್ಮ ಮಾಲಿ ರಾಮಧನಿ. ಕಬ್ಬಿಣದ ಅಗಲ ಬೋರ್ಸಿಯಲ್ಲಿ (ಅಗ್ಗಿಷ್ಟಿಕೆಗೆ ಇಲ್ಲಿನವರು ಹಾಗನ್ನುತ್ತಾರೆ) ಇದ್ದಿಲು ಪೇರಿಸಿ, ರಟ್ಟಿನ ತುಂಡಿನಿಂದ ಬೀಸಿ ಬೀಸಿ, ಅವನು ಕೆಂಡ ಮಾಡಿದ್ದನ್ನು ನೋಡಬೇಕಿತ್ತು ನೀವು.

ಊಟ ಮುಗಿದ ಮೇಲೆ ಯಾರಿಗೋ ಹೊಳೆಯಿತು, ಮತ ಹಾಕೋಣ ಅಂತ. ಕಣ್ಣಿಗೆ ಬಟ್ಟೆ ಕಟ್ಟಿ, ಎರಡೂ ಬಗೆಯ ಬದನೆಕಾಯಿ ತಿನ್ನಿಸಿ, ಯಾವುದು ರುಚಿ ಎಂದು ಕೈ ಎತ್ತಿಸುವುದು. ಪ್ರೊಫೆಸರುಗಳ ಆಟ ಹೀಗೇ ಇರುತ್ತದೆ.

ಆ ಹೊತ್ತಿಗೆ ನೀಲವ್ವ ಬಂದರು.

ನೀಲವ್ವ ಯಾರೆಂದು ಹೇಳಬೇಕು. ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಶೈಲಾ ಮತ್ತು ಮಂಜುನಾಥ ಇದ್ದಾರೆ. ಇಬ್ಬರೂ ಚಿಕ್ಕ ವಯಸ್ಸಿನ ಸಂಶೋಧಕರು. ಶೈಲಾಗೆ ಹೆಣ್ಣುಮಗು ಹುಟ್ಟಿ ಆಗ ಮೂರು ವಾರವಾಗಿತ್ತು. ಬಾಣಂತನ ಮಾಡಲು ಹಾವೇರಿ ಕಡೆಯ ಹಳ್ಳಿಯಿಂದ ಬಂದ ತಾಯಿ ನೀಲವ್ವ. ಹಿಂದಿ ಒಂದಕ್ಷರ ಬಾರದು. ರೈಲಿನಲ್ಲಿ ಎರಡು ದಿನ ಕೂತು, ಟ್ರಂಕಿನಲ್ಲಿ ಅಂಟಿನುಂಡೆ, ಒಣಕೊಬ್ಬರಿ, ಖಾರದ ಪುಡಿ, ಮಗುವಿಗೆ ಹಳೆ ಸೀರೆಯಲ್ಲಿ ಹೊಲಿದ ಕೌದಿ ತಂದಿದ್ದರು. ಬಂದ ದಿನದಿಂದ ಅವರು ಕನ್ನಡದಲ್ಲಿ ಮಾತಾಡಿದ್ದು ಮಗಳು, ಅಳಿಯ, ನಾನು, ಮೊಮ್ಮಗಳು ಇಷ್ಟು ಜನರ ಹತ್ತಿರ ಮಾತ್ರ. ಹೆಚ್ಚು ಮಾತು ಮೊಮ್ಮಗಳ ಹತ್ತಿರವೇ.

ಬದನೆಕಾಯಿ ಕೊಡಲು ಹೋದೆ. "ಬ್ಯಾಡ್ರಿ ಅಕ್ಕಾರ, ಬಾಣಂತಿಗೆ ಬದನಿಕಾಯಿ ನಂಜು" ಅಂದರು. ಅವರ ಕಣ್ಣು ಬೋರ್ಸಿಯ ಮೇಲಿತ್ತು. ರಾಮಧನಿ ಬಕೆಟ್ಟಿನಲ್ಲಿ ನೀರು ತಂದು ನಿಂತಿದ್ದ.

"ಏ ತಮ್ಮಾ, ನಿಂದರೊ! ಅಕ್ಕಾರ, ಇಂಥಾ ಛಲೋ ಕೆಂಡಕ್ಕ ನೀರ್ ಹೊಯ್ತಾರೇನ್ರಿ? ಬಾಣಂತಿ ಖೋಲಿ ಬರ್ಫ್ ಆಗೇತಿ. ಕೂಸಿನ ಕಾಲು ತಣ್ಣಗ ಹತ್ತತಾವು. ಆ ಕರೆಂಟಿನ ಒಲಿ ಮ್ಯಾಲೆ ನನಗ ನಂಬಿಕಿ ಇಲ್ರಿ. ನಮ್ಮೂರಾಗ ಹೊರಸಿನ ಬುಡಕ ಶೆಗಡಿ ಇಡತೇವಿ. ಒಂದೀಟು ಕೊಡ್ರಿ."

ಯಾವ ಕನ್ನಡದ ಹೆಂಗಸು ಬೇಡ ಅಂದಾಳು? ಬಾಣಂತಿಯ ಮಂಚದ ಕೆಳಗೆ ಕೆಂಡ, ಕೆಂಡದ ಮೇಲೆ ಲೋಬಾನ, ಗಾಳಿ ಆಡದ ಕತ್ತಲೆ ಕೋಣೆ. ನನ್ನ ಅಮ್ಮ ನನಗೂ ಹಾಗೇ ಮಾಡಿದ್ದಳು. ನನ್ನ ಬಾಣಂತನವೇ ನೆನಪಾಗಿ ಮನಸ್ಸು ಕರಗಿತು. ಹಳೆಯ ಬಾಣಲೆಯೊಂದನ್ನು ತಂದು, ಇಕ್ಕಳದಿಂದ ಆರಿಸಿ ಆರಿಸಿ, ಒಳ್ಳೊಳ್ಳೆಯ ಕೆಂಡ ಅದಕ್ಕೆ ತುಂಬಿಕೊಟ್ಟೆ. ಹೌದು, ನಾನೇ, ನನ್ನ ಕೈಯಾರೆ.

ನೀಲವ್ವ ಸೆರಗಿನಿಂದ ಬಾಣಲೆಯ ಕಿವಿ ಹಿಡಿದು ಎತ್ತಿಕೊಂಡರು. ಆಗ ರಾಮಧನಿ ಅವರಿಗೆ ಹೇಳಿದ, "ಅಮ್ಮಾ, ಖಿಡಕೀ ಖೋಲ್ ಕೇ ರಖಿಯೇಗಾ. ಬಂದ್ ಕಮರೇ ಮೇಂ ಬೋರ್ಸೀ ನಹೀಂ ರಖತೇ."

ಕಿಟಕಿ ತೆಗೆದಿಡಿ, ಮುಚ್ಚಿದ ಕೋಣೆಯಲ್ಲಿ ಬೋರ್ಸಿ ಇಡುವುದಿಲ್ಲ. ಅವನು ಹೇಳಿದ್ದು ಇದು. ಸ್ಪಷ್ಟವಾಗಿ, ನಿಧಾನವಾಗಿ, ಹಿಂದಿ ಬಾರದವರಿಗೆ ಹೇಳುವ ಹಾಗೆ ಕೈಸನ್ನೆ ಮಾಡಿ ಹೇಳಿದ.

ನೀಲವ್ವ ನನ್ನ ಕಡೆ ತಿರುಗಿದರು. "ಅಂವ ಏನಂತಾನ್ರಿ ಅಕ್ಕಾರ?"

ನಾನು ಆಗ ಕೈ ಎಣಿಸುತ್ತಿದ್ದೆ. ಇದ್ದಿಲಿಗೆ ಆರು, ಗ್ಯಾಸಿಗೆ ಐದು. ಒಬ್ಬರು ಕೈ ಅರ್ಧ ಎತ್ತಿದ್ದರು, ಅದು ಯಾವ ಕಡೆಯದೆಂದು ನಮ್ಮವರು ತಕರಾರು ತೆಗೆದಿದ್ದರು. ಅವರ ಕಡೆ ಕಣ್ಣಿಟ್ಟುಕೊಂಡೇ ಹೇಳಿದೆ:

"ಏನಿಲ್ಲ ಅಮ್ಮ. ಹುಷಾರಾಗಿ ತಗೊಂಡು ಹೋಗಿ ಅಂದ, ಅಷ್ಟೆ."

"ಛಲೋ ಹುಡುಗ ಅದಾನ" ಅಂದು ನೀಲವ್ವ ಹೋದರು.

ನಾನು ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ಇದನ್ನು ಇಲ್ಲಿಯೇ ಹೇಳಿಬಿಡಬೇಕು. ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದರೆ ಏನು ಬರುತ್ತದೆ? ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮಲಗಿದ ಹಾಗೇ. ಹುಡುಗರಿಗೆ ಜ್ಞಾಪಕ ಇರಲೆಂದು ಒಂದು ಜೋಕನ್ನೂ ಸೇರಿಸುತ್ತೇನೆ. ಆ ಜೋಕು ಏನೆಂದು ಇಲ್ಲಿ ಬರೆಯಲಾರೆ.

ಗೊತ್ತಿರುವುದಕ್ಕೂ ಗೊತ್ತಾಗುವುದಕ್ಕೂ ಎಷ್ಟು ದೂರವಿದೆ ನೋಡಿ. ಕ್ಲಾಸಿನಲ್ಲಿ ಗೊತ್ತಿದ್ದದ್ದು ಹಿತ್ತಲಿಗೆ ಬಂದಿರಲಿಲ್ಲ. ಹಿತ್ತಲಲ್ಲಿ ನಾನು ಬದನೆಕಾಯಿಯ ವಕೀಲೆ.

ಆರು ಗಂಟೆಯಾಗಿರಬೇಕು. ಮಂಜು ಇಳಿದು ಕತ್ತಲಾಗಿತ್ತು. ಬಂದವರೆಲ್ಲ ಹೊರಟಿದ್ದರು. ಮಂಜುನಾಥ ನಮ್ಮವರ ಜೊತೆ ಗ್ರಿಲ್ಲು ತೊಳೆದು ಒಳಗಿಡಿಸಿ ಮನೆಗೆ ಹೋದವನು ಎರಡೇ ನಿಮಿಷಕ್ಕೆ ವಾಪಸ್ ಓಡಿಬಂದ.

"ಮೇಡಂ, ಬಾಗಿಲು ತೆಗೀತಿಲ್ಲ. ಫೋನ್ ಒಳಗೇ ರಿಂಗ್ ಆಗ್ತಿದೆ."

ನಾನೂ ನಮ್ಮವರೂ ಅವನ ಹಿಂದೆಯೇ ಓಡಿದೆವು. ಬಾಗಿಲು ಬಡಿದೆವು, ಕೂಗಿದೆವು. ಒಳಗೆ ಏನೋ ಎಳೆದಾಡಿದ ಸದ್ದು. ಮತ್ತೆ ಏನೂ ಇಲ್ಲ. ಮತ್ತೆ ಸದ್ದು. ಆಮೇಲೆ ಚಿಲಕ ಸರಿಯಿತು. ಬಾಗಿಲು ತೆರೆದರೆ ನೀಲವ್ವ ಹೊಸ್ತಿಲ ಮೇಲೆ ಬಿದ್ದಿದ್ದರು. ತೆವಳಿಕೊಂಡು ಬಂದು, ಅದು ಹೇಗೋ ಎದ್ದು ಚಿಲಕ ತೆಗೆದಿದ್ದರು. ಬಾಯಿಂದ ವಾಂತಿ. "ಕೂಸು... ಕೂಸು..." ಅಷ್ಟೇ ಮಾತು.

ಒಳಕೋಣೆಯಲ್ಲಿ ಶೈಲಾ ಮಲಗಿದ್ದಳು. ಕೆನ್ನೆ ಬಡಿದರೂ ಏಳಲಿಲ್ಲ. ಮಗು ಅವಳ ಮಗ್ಗುಲಲ್ಲಿತ್ತು. ಎತ್ತಿಕೊಂಡರೆ ಕತ್ತು ಹಿಂದಕ್ಕೆ ಬಿತ್ತು. ಮೂರು ವಾರದ ಮಗುವಿನ ಕತ್ತು ಹಿಂದಕ್ಕೆ ಬೀಳುವುದೇ, ಆದರೆ ಇದು ಬೇರೆ ಥರ ಬಿತ್ತು. ಅದನ್ನು ನನ್ನ ಕೈ ಇನ್ನೂ ಮರೆತಿಲ್ಲ.

ಮಂಚದ ಕೆಳಗೆ ನಾನು ಕೊಟ್ಟ ಬಾಣಲೆ. ಬೂದಿಯ ಒಳಗೆ ಕೆಂಡ ಇನ್ನೂ ಕೆಂಪಗಿತ್ತು. ಕಿಟಕಿ ಮುಚ್ಚಿತ್ತು. ಶೀತಗಾಳಿ ನುಸುಳದಂತೆ ನೀಲವ್ವ ಅದರ ಸಂದಿಗೆಲ್ಲ ಹಳೆ ಸೀರೆ ಹರಿದು ತುರುಕಿದ್ದರು. ಬಾಗಿಲ ಕೆಳಗಿನ ಸಂದಿಗೂ ಇಟ್ಟಿದ್ದರು. ಎಷ್ಟು ಅಚ್ಚುಕಟ್ಟಾದ ಕೆಲಸ! ಅವರ ಊರಿನ ಮನೆಯಲ್ಲಿ ತಲೆಯ ಮೇಲೆ ಬೆಳಕಿಂಡಿ ಇರುತ್ತದೆ. ಎಷ್ಟು ಮುಚ್ಚಿದರೂ ಆ ಮನೆ ಎಲ್ಲಿಂದಲೋ ಉಸಿರಾಡುತ್ತದೆ. ಈ ಕಾಂಕ್ರೀಟಿನ ಡಬ್ಬಿಗೆ ಅಂಥದ್ದೊಂದು ಕಿಂಡಿ ಇಲ್ಲವೆಂದು ಅವರಿಗೆ ಯಾರು ಹೇಳಬೇಕಿತ್ತು?

ಹೇಳಿದ್ದ ಒಬ್ಬ. ನಡುವೆ ನಾನಿದ್ದೆ.

ನಮ್ಮವರ ಕಾರಿನಲ್ಲಿ ಮೂವರನ್ನೂ ಹತ್ತಿರದ ಆಸ್ಪತ್ರೆಗೆ ಒಯ್ದೆವು. ಮೂವರ ಮುಖಕ್ಕೂ ಆಮ್ಲಜನಕದ ಮಾಸ್ಕು. ಮಗುವಿನ ಮುಖಕ್ಕೆ ಹಾಕಿದ ಮಾಸ್ಕು ಅದರ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಮಗು ಅತ್ತ ಮೇಲೆ ಮಂಜುನಾಥ ಗೋಡೆಗೆ ಒರಗಿ ಕೂತು ತಾನೂ ಅತ್ತ.

ಬದುಕಿದ್ದಾರೆ. ಮೂವರೂ ಬದುಕಿದ್ದಾರೆ. ಇದನ್ನು ಬೇಗ ಹೇಳಬೇಕಿತ್ತೇನೋ. ಆದರೆ ಬದುಕಿದ್ದಾರೆ ಅಂದಾಕ್ಷಣ ನೀವು ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತೀರಿ. ನನ್ನ ಕಥೆ ಮುಗಿದಿಲ್ಲ. ಮಗುವನ್ನು ತಿಂಗಳು ತಿಂಗಳು ತೋರಿಸಿ ಅಂದಿದ್ದಾರೆ. ಕತ್ತು ಯಾವಾಗ ನಿಲ್ಲುತ್ತದೆ, ಕಣ್ಣು ದೀಪದ ಹಿಂದೆ ಹೋಗುತ್ತದಾ, ನಗುತ್ತದಾ, ಎಲ್ಲ ನೋಡಬೇಕಂತೆ. ಏನೂ ಆಗಿರಲಾರದು, ಆದರೂ ನೋಡೋಣ ಅಂದರು ಡಾಕ್ಟರು. ಆ "ಆದರೂ" ಈಗ ಪಕ್ಕದ ಮನೆಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂರುತ್ತದೆ.

ಮಾರನೆಯ ದಿನ ರೌಂಡ್ಸಿಗೆ ಬಂದ ಡಾಕ್ಟರು ಸಿಟ್ಟಾಗಿದ್ದರು. "ಕಿಸ್ ಅನ್‌ಪಢ್ ನೇ ಕೋಯಲಾ ಅಂದರ್ ರಖಾ ಥಾ?" ಯಾವ ಓದು ಬರಹ ಇಲ್ಲದವರು ಇದ್ದಿಲು ಒಳಗಿಟ್ಟದ್ದು ಅಂತ. ಸಿಟ್ಟು ನ್ಯಾಯವೇ. ಮಂಜುನಾಥ ತಲೆ ತಗ್ಗಿಸಿ, ನಮ್ಮ ಅತ್ತೆ ಅಂದ. ಡಾಕ್ಟರು ನೀಲವ್ವನ ಕಡೆ ನೋಡಿ ತಲೆ ಅಲ್ಲಾಡಿಸಿದರು.

ಓದು ಬರಹ ಇರುವವಳೊಬ್ಬಳು ಹಣ್ಣಿನ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ಬಾಯಿ ಬಿಡಲಿಲ್ಲ.

ಡಾಕ್ಟರು ಹೋದ ಮೇಲೆ ನೀಲವ್ವ ನನ್ನ ಕೈ ಹಿಡಿದು ಕೇಳಿದರು. "ಏನಂದ್ರು ಅಕ್ಕಾರ?"

"ಏನಿಲ್ಲ ಅಮ್ಮ. ಬೇಗ ಹುಷಾರಾಗ್ತೀರಿ ಅಂದ್ರು."

"ನನಗ ಬೈದ್ರಲ್ರಿ? ಮಾರಿ ನೋಡಿದ್ರ ತಿಳೀತೈತಿ. ಬೈಲಿ ಬಿಡ್ರಿ. ಬೈಸಿಕೊಳ್ಳೂ ಕೆಲಸಾನ ಮಾಡೇನಿ."

ಅದಾದ ಮೇಲೆ ಒಂದು ದಿನ ರಾಮಧನಿ ಗುಲಾಬಿ ಗಿಡ ಕತ್ತರಿಸುತ್ತ ಕೇಳಿದ, "ಮೈಡಮ್, ಅಮ್ಮಾ ಕೋ ಖಿಡಕೀ ವಾಲೀ ಬಾತ್ ಸಮಝಾ ದೀ ಥೀಂ ನ?" ಅಮ್ಮನಿಗೆ ಕಿಟಕಿಯ ವಿಷಯ ತಿಳಿಸಿ ಹೇಳಿದ್ದಿರಿ ತಾನೆ?

"ಹಾಂ" ಅಂದೆ.

ಅವನು ಕತ್ತರಿ ನಿಲ್ಲಿಸದೆ, ಮುದುಕರು ಯಾರ ಮಾತು ಕೇಳುತ್ತಾರೆ ಮೇಡಂ, ನಮ್ಮ ಅಜ್ಜಿಯೂ ಹಾಗೇ, ಅದಕ್ಕೇ ನಾವು ಬೋರ್ಸಿಯನ್ನು ಜಗಲಿ ದಾಟಿ ಒಳಗೆ ಬಿಡುವುದೇ ಇಲ್ಲ ಅಂದ. ಒಂದಕ್ಷರದ ಸುಳ್ಳು. ಅದರಿಂದ ನಾನು ಒಳ್ಳೆಯವಳಾದೆ, ನೀಲವ್ವ ಮಾತು ಕೇಳದ ಮುದುಕಿಯಾದರು.

ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಚರ್ಚೆಯಾಯಿತು. ಏನು ಚರ್ಚೆ ಅಂತೀರಿ? ಗ್ಯಾಸೇ ಒಳ್ಳೆಯದು, ಇದ್ದಿಲು ಡೇಂಜರ್, ಮುಂದಿನ ವರ್ಷದಿಂದ ಇದ್ದಿಲು ಬಂದ್. ಹೆಬ್ಬೆರಳುಗಳ ಮೇಲೆ ಹೆಬ್ಬೆರಳು. ಒಬ್ಬರು "ಹಳ್ಳಿಯಿಂದ ಬರೋ ಹಿರಿಯರಿಗೆ ಅವೇರ್‌ನೆಸ್ ಮೂಡಿಸಬೇಕು" ಅಂತ ಬರೆದರು. ಅದಕ್ಕೆ ನಾನೂ ಕೈ ಮುಗಿಯುವ ಚಿತ್ರ ಒತ್ತಿದೆ. (ನನ್ನ ನಾಚಿಕೆಗೆ ತಳವಿಲ್ಲವೆಂದು ಆಗ ಗೊತ್ತಾಯಿತು.)

ಗ್ಯಾಸು ಮಹಾ ಸಾಧುವೇ? ಕಿಂಡಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ನೋಡಿ. ಅದೂ ಅದೇ ವಿಷ ಕಾರುತ್ತದೆ. ಇದ್ದಿಲಿಗೆ ಬಾಯಿಲ್ಲ, ನೀಲವ್ವನಿಗೆ ಹಿಂದಿಯಿಲ್ಲ. ತಪ್ಪು ಹೊರಿಸಲು ಇಬ್ಬರೂ ಎಷ್ಟು ಅನುಕೂಲ! ಬಾಯಿ ಇದ್ದವರು, ಎರಡೆರಡು ಭಾಷೆ ಇದ್ದವರು ಗ್ರೂಪಿನಲ್ಲಿದ್ದರು.

ನಮ್ಮವರು ಮಾತ್ರ ಒಂದು ಸಲವೂ "ನಾನು ಹೇಳಿರಲಿಲ್ವಾ, ಗ್ಯಾಸ್ ಅಂತ" ಅನ್ನಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಅವಕಾಶ ಬಿಟ್ಟುಕೊಟ್ಟದ್ದು ಇದೇ ಮೊದಲು. ಗ್ರಿಲ್ಲಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು. ನಾನು ಕೆಂಡ ಕೊಟ್ಟದ್ದು ಅವರಿಗೆ ಗೊತ್ತು. ಕಿಟಕಿಯ ಮಾತು ಗೊತ್ತಿಲ್ಲ. ಇದನ್ನು ಓದಿಯೇ ಅವರಿಗೂ ಗೊತ್ತಾಗಬೇಕು.

ನೀಲವ್ವನನ್ನು ಊರಿಗೆ ಕಳಿಸಿದರು.

ಬಾಣಂತನಕ್ಕೆ ಬಂದ ತಾಯಿಯನ್ನು ಅರ್ಧಕ್ಕೇ ಕಳಿಸುವುದು ಎಂದರೇನೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರು ತಿಂಗಳಿಗೆಂದು ತಂದ ಅಂಟಿನುಂಡೆ ಡಬ್ಬಿಯಲ್ಲಿ ಮುಕ್ಕಾಲು ಹಾಗೇ ಇತ್ತು. ಮಂಜುನಾಥನ ತಾಯಿ ಬರುತ್ತಾರಂತೆ. ಅವರು ರಿಟೈರ್ಡ್ ಟೀಚರ್. "ಓದಿದವರು ಮೇಡಂ, ಅವರಿಗಾದ್ರೆ ಇದೆಲ್ಲ ತಿಳಿಯುತ್ತೆ. ಇವರಿಗೆ ಏನು ಹೇಳೋದು?" ಅಂದ ಮಂಜುನಾಥ. ಅವನು ಕೆಟ್ಟವನಲ್ಲ. ಹೆದರಿದ್ದಾನೆ. ಶೈಲಾ ಅಳುತ್ತಿದ್ದಳು, ಆದರೆ ಬೇಡ ಅನ್ನಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನೀಲವ್ವ ಮಗುವನ್ನು ಎತ್ತಿಕೊಂಡರೆ, ಯಾರಾದರೊಬ್ಬರು ಬಂದು ಹತ್ತಿರ ನಿಲ್ಲುತ್ತಿದ್ದರು. ಅವರು ಅದನ್ನು ಗಮನಿಸಿ, ಎತ್ತಿಕೊಳ್ಳುವುದನ್ನೇ ಬಿಟ್ಟರು.

ಆಗ ನಾನು ಹೇಳಬಹುದಿತ್ತು. "ಮಂಜು, ಕಿಟಕಿ ತೆಗೀರಿ ಅಂತ ಅವರಿಗೆ ಯಾರೂ ಕನ್ನಡದಲ್ಲಿ ಹೇಳಲಿಲ್ಲ. ಹೇಳಬೇಕಾದವಳು ನಾನು." ಎರಡೇ ವಾಕ್ಯ. ಅಷ್ಟಕ್ಕೆ ಆ ಹೆಂಗಸು ಮೊಮ್ಮಗಳ ಹತ್ತಿರ ಉಳಿಯುತ್ತಿದ್ದರೋ ಏನೋ.

ಹೇಳಿದ್ದರೂ ಅವರು ಕಿಟಕಿ ತೆರೆಯುತ್ತಿರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಬಾಣಂತಿ ಕೋಣೆಯ ಕಿಟಕಿ ತೆರೆಯುವ ಪೈಕಿಯವರಾ ಅವರು? ಇರಬಹುದು. ಆದರೆ ಮೊಮ್ಮಗಳ ಜೀವದ ಮಾತು ಅಂತ ಬಿಡಿಸಿ ಹೇಳಿದ್ದರೆ ಯಾವ ಅಜ್ಜಿ ತೆರೆಯುವುದಿಲ್ಲ?

ಹೊರಡುವ ದಿನ ಬೆಳಿಗ್ಗೆ ನೀಲವ್ವ ಹೇಳಿಹೋಗಲು ಬಂದರು. ಬಲಗೈ ಸಣ್ಣಗೆ ನಡುಗುತ್ತಿತ್ತು. ತಲೆನೋವು ಹೋಗಿಲ್ಲ ಅಂದರು. ಕುಂಕುಮ ಇಟ್ಟೆ. ಸೀರೆಯೊಂದನ್ನು ಕೊಡಲು ಹೋದರೆ ಬೇಡ ಅಂದರು. ಆಮೇಲೆ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಅಕ್ಕಾರ, ಕೆಂಡ ನೀವು ತುಂಬಿ ಕೊಟ್ರಿ ಅಂತ ನಾ ಯಾರ ಮುಂದೂ ಅಂದಿಲ್ರಿ. ನಾನ ಕೇಳಿ ತಂದೇನಿ ಅಂದೇನಿ. ನೀವು ಇಲ್ಲೇ ಬಾಳೇವು ಮಾಡೋರು, ಸಾಲ್ಯಾಗ ಕಲಸೋರು. ನಿಮ್ಮ ಹೆಸರ ಯಾಕ ಕೆಡಸೂದು. ನಾನಂತೂ ಊರಿಗೆ ಹೋಗಾಕಿ."

ನಾನು ಅವರನ್ನು ತಬ್ಬಿಕೊಂಡು ಅತ್ತೆ. ಅಳುವುದು ಸುಲಭವಿತ್ತು. ಅವರೇ ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು. ಆಗಲೂ ಕಿಟಕಿಯ ಮಾತು ಬಾಯಿಗೆ ಬರಲಿಲ್ಲ. ಆಟೋ ಬಂತು. ಮಂಜುನಾಥ ಟ್ರಂಕು ಇಟ್ಟ. ಶೈಲಾ ಮಗುವನ್ನು ಹೊಸ್ತಿಲವರೆಗೆ ತಂದಳು. ನೀಲವ್ವ ಮಗುವನ್ನು ಎತ್ತಿಕೊಳ್ಳಲಿಲ್ಲ, ಅದರ ಕಾಲು ಮಾತ್ರ ಒಂದು ಸಲ ಮುಟ್ಟಿ ನೋಡಿದರು.

ಅವರು ಹೋಗಿ ಇಂದಿಗೆ ಹನ್ನೊಂದು ದಿನ. ಈ ಹನ್ನೊಂದು ದಿನದಲ್ಲಿ ಈ ಬರಹವನ್ನು ನಾಲ್ಕು ಸಲ ತಿದ್ದಿದ್ದೇನೆ. ಸತ್ಯ ಹೇಳುವಾಗಲೂ ವಾಕ್ಯ ಚೆನ್ನಾಗಿರಲಿ ಅನ್ನುವ ಚಪಲ ನೋಡಿ! ಹೆಸರುಗಳನ್ನು ಬದಲಿಸಿದ್ದೇನೆ, ಶೈಲಾ ಓದಿದರೆ ಗೊತ್ತಾಗಿಯೇ ಆಗುತ್ತದೆ, ಆಗಲಿ. ನೀಲವ್ವನಿಗೆ ಓದಲು ಬರುವುದಿಲ್ಲ. ಬಹುಶಃ ಆ ಧೈರ್ಯದ ಮೇಲೆಯೇ ಇಷ್ಟನ್ನೂ ಬರೆದೆ.

ಮುಖ ನೋಡದ ನಿಮಗೆಲ್ಲ ಇಷ್ಟುದ್ದ ಹೇಳಿಕೊಂಡೆನಲ್ಲ, ನೀಲವ್ವನಿಗೆ ಒಂದು ಫೋನ್ ಮಾಡುವುದಕ್ಕೆ ನನಗೇನು ಧಾಡಿ?